ಜಯಮ್ಮ ಕೇಳಿದ ದರ, ನಾನು ಬರೆದ ದರ

ಅಂಗಡಿಯಿಂದ ಅಂಗಡಿಗೆ ಹೋಗಿ "ಇದು ಎಷ್ಟು?" ಎಂದು ಕೇಳಿದ್ದಕ್ಕೆ ನನಗೆ ಮೂವತ್ತೆರಡು ವರ್ಷ ಸಂಬಳ ಬಂತು. ಕೊಳ್ಳುವುದು ನನ್ನ ಕೆಲಸವಲ್ಲ, ಕೇಳುವುದಷ್ಟೇ. ಕೇಳಿದ್ದನ್ನು ಫಾರಂನಲ್ಲಿ ಬರೆದು ಮೇಲಿನ ಕಚೇರಿಗೆ ಕಳಿಸಬೇಕು. ಅಲ್ಲಿ ಅದನ್ನು ಬೇರೆ ಬೇರೆ ಊರುಗಳ ದರದ ಜೊತೆ ಸೇರಿಸಿ, ಕೂಡಿ, ಗುಣಿಸಿ, ಬೆಲೆ ಸೂಚ್ಯಂಕ ಎನ್ನುವ ಒಂದು ಅಂಕಿ ತಯಾರು ಮಾಡುತ್ತಾರೆ. ಟಿ.ವಿ.ಯಲ್ಲಿ ಕೋಟು ಹಾಕಿಕೊಂಡವರು "ಹಣದುಬ್ಬರ ಇಳಿದಿದೆ" ಎಂದು ಹೇಳುತ್ತಾರಲ್ಲ, ಅದು ಶುರುವಾಗುವುದು ನನ್ನಂಥವನ ಸವೆದ ಚಪ್ಪಲಿಯಿಂದ. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರೂ ನನ್ನ ಪಾಲಿನ ಊರುಗಳು. ಅಂಗಡಿಯವರ ಬಾಯಲ್ಲಿ ನನ್ನ ಹೆಸರೇ ಮಾಯವಾಗಿ 'ರೇಟ್ ಸಾರ್' ಆಗಿದ್ದೆ.

ಈಗ ಈ ಕೆಲಸಕ್ಕೆ ಹೊಸಬರು ಸೇರುತ್ತಿದ್ದಾರೆ. ಕೈಯಲ್ಲಿ ಟ್ಯಾಬು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಮುಖದಲ್ಲಿ ಒಳ್ಳೆ ಕಳೆ. ತರಬೇತಿಯಲ್ಲಿ ಅವರಿಗೆ ಮೂರು ದಿನ ಊಟ ಹಾಕಿ ಎಲ್ಲ ಹೇಳಿಕೊಡುತ್ತಾರೆ, ಮುಖ್ಯವಾದದ್ದೊಂದನ್ನು ಬಿಟ್ಟು. ಅದನ್ನು ನಾನು ಹೇಳಿಬಿಡುತ್ತೇನೆ. ನನಗೆ ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಎಷ್ಟು ಹೊತ್ತು ಹೊಗಳಿದರು ಎಂಬುದೆಲ್ಲ ಯಾರಿಗೆ ಬೇಕು? ನಾನು ಹೇಳಬೇಕಾದದ್ದು ಜಯಮ್ಮನ ವಿಷಯ.

ಜಯಮ್ಮ ತುಮಕೂರಿನ ನಮ್ಮ ಕಚೇರಿಯಲ್ಲಿ ಕಸ ಗುಡಿಸಿ ನೆಲ ಒರೆಸುತ್ತಿದ್ದ ಹೆಂಗಸು. ಗುತ್ತಿಗೆದಾರನ ಕಡೆಯ ದಿನಗೂಲಿ. ಅವಳ ಕೂಲಿಯಲ್ಲಿ ತುಟ್ಟಿಭತ್ಯೆ ಅಂತ ಒಂದು ಭಾಗ ಉಂಟು, ಅದು ವರ್ಷಕ್ಕೊಮ್ಮೆ ಏಪ್ರಿಲ್ ತಿಂಗಳಲ್ಲಿ ಈ ಸೂಚ್ಯಂಕ ನೋಡಿಕೊಂಡೇ ಏರಬೇಕು. ಮನೆ ಕಚೇರಿಯ ಹಿಂದಿನ ಎರಡನೇ ಬೀದಿ. ಮನೆಯಲ್ಲಿ ಅತ್ತೆ ಕೆಂಪಜ್ಜಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದವಳು. ಮಧ್ಯಾಹ್ನ ಒಂದು ಗಂಟೆಗೆ ಜಯಮ್ಮ ಪೊರಕೆ ಮೂಲೆಗೆ ಒರಗಿಸಿ ಮನೆಗೆ ಓಡುವಳು, ಅತ್ತೆಗೆ ಬಿಸಿ ಮುದ್ದೆ ತಿನ್ನಿಸಿ, ಮಗ್ಗುಲು ಬದಲಿಸಿ, ಎರಡಕ್ಕೆ ವಾಪಸು. ಅದೊಂದಕ್ಕೋಸ್ಕರವೇ ಅವಳು ಈ ಕೆಲಸ ಬಿಟ್ಟಿರಲಿಲ್ಲ. ಬೀದಿಯ ಉಳಿದ ಹೆಂಗಸರೆಲ್ಲ ಬೆಳಿಗ್ಗೆ ಐದೂವರೆಯ ಬಸ್ಸು ಹತ್ತಿ ದಾಬಸ್‌ಪೇಟೆ ಕಡೆಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಅಲ್ಲಿ ಕೂಲಿ ಜಾಸ್ತಿ, ಆದರೆ ವಾಪಸು ಬರುವುದು ಸಂಜೆ ಏಳಕ್ಕೆ.

ಒಂದು ದಿನ ನನ್ನ ಮೇಜಿನ ಕೆಳಗೆ ಒರೆಸುತ್ತಾ, ತಲೆ ಎತ್ತದೆಯೇ ಕೇಳಿದಳು.

"ಸಾರ್, ರೇಟು ಬರ್ಕೊಂಡು ಬರೋರು ನೀವೇ ಅಂತೆ?"

"ಹೂಂ, ನಾನೇ."

"ಹಂಗಾದ್ರೆ ನನ್ ಸಂಬಳ ಬರೆಯೋರೂ ನೀವೇ ಆದ್ರಿ."

ನಾನು ನಕ್ಕೆ. ಹಾಗಲ್ಲ ಕಣಮ್ಮ, ಎಷ್ಟೋ ಊರುಗಳ ದರ ಸೇರಿ ಸೂಚ್ಯಂಕ ಆಗುತ್ತೆ, ಅದರಲ್ಲಿ ನಮ್ಮೂರಿನ ಪಾಲು ಸಾಸಿವೆ ಕಾಳಿನಷ್ಟು ಎಂದೆ.

"ಒಗ್ಗರಣೆ ಸಿಡಿಯೋದು ಸಾಸಿವೆಯಿಂದಲೇ ಅಲ್ವಾ ಸಾರ್," ಎಂದಳು. "ಅಂಗಡೀಲಿ ಎಲ್ಲಾ ಏರೈತೆ, ನಿಮ್ ಕಾಗದದಲ್ಲಿ ಮಾತ್ರ ಏರಿಲ್ಲ. ಬರೋ ಏಪ್ರಿಲ್‌ಗೂ ಹಿಂಗೇ ಆದ್ರೆ ನಾನೂ ಆ ಬಸ್ ಹತ್ತೋದೇ. ಮುದುಕೀನ ದೇವ್ರು ನೋಡ್ಕೋಬೇಕು."

ಅವತ್ತು ಹೂಂಗುಟ್ಟಿ ನನ್ನ ಕೆಲಸಕ್ಕೆ ತಿರುಗಿದೆ. ಆದರೆ ಮಾತು ಒಳಗೆ ಕೊರೆಯತೊಡಗಿತು. ಯಾಕೆ ಕೊರೆಯಿತು ಅಂದರೆ, ನಾನು ದರ ಬರೆಯುತ್ತಿದ್ದ ರೀತಿ ನನಗೆ ಗೊತ್ತಿತ್ತಲ್ಲ!

ನಮ್ಮ ಕೆಲಸದ ಮೊದಲ ನಿಯಮ ಇದು: ಅದೇ ಅಂಗಡಿ, ಅದೇ ಸಾಮಾನು, ಅದೇ ಗುಣಮಟ್ಟ, ಪ್ರತಿ ತಿಂಗಳು. ಅಂಗಡಿ ಬದಲಾಯಿಸಿದರೆ ಹೋಲಿಕೆ ಕೆಡುತ್ತದೆ. ಕೇಳುವುದಕ್ಕೆ ಬಹಳ ಸುಲಭ. ಕೆಲಸಕ್ಕೆ ಸೇರಿದ ಮೊದಲ ವಾರ ಬೆಳಿಗ್ಗೆ ಏಳೂವರೆಗೇ ತುಮಕೂರಿನ ತರಕಾರಿ ಮಾರ್ಕೆಟ್ಟಿಗೆ ಹೋದೆ. ಬೇವಿನ ಮರದ ಕೆಳಗೆ ಗಂಗಮ್ಮ ಅನ್ನುವಾಕೆ ಆಗ ತಾನೇ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಟೊಮೆಟೊ ಎಷ್ಟು ಎಂದೆ, ಹೇಳಿದಳು. ಬೀನ್ಸ್ ಎಷ್ಟು ಎಂದೆ, ಹೇಳಿದಳು. ಹೀಗೆ ಹದಿನಾಲ್ಕು ಬಗೆಯ ತರಕಾರಿ ಕೇಳಿ, ಬರೆದುಕೊಂಡು, ಪೆನ್ನಿನ ಕ್ಯಾಪು ಹಾಕಿ ಹೊರಟೆ. ಹಿಂದಿನಿಂದ ಒಂದು ಬದನೆಕಾಯಿ ಬಂದು ಬೆನ್ನಿಗೆ ಬಿತ್ತು.

"ಏನಯ್ಯಾ, ಬೋಣಿ ಟೈಮಲ್ಲಿ ಬಂದು ಅದೆಷ್ಟು ಇದೆಷ್ಟು ಅಂತ ಬುಟ್ಟೀನೆಲ್ಲ ಕೇಳಿ, ಕೈ ಬೀಸ್ಕೊಂಡು ಹೋಗ್ತೀಯಾ? ಇವತ್ತು ನನ್ ಯಾಪಾರ ನಿಮ್ಮಪ್ಪ ಮಾಡ್ತಾನಾ?"

ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಆ ಹೊತ್ತಿನಲ್ಲಿ ದರ ಕೇಳಿ ಕೊಳ್ಳದೇ ಹೋಗುವವನು ಆ ದಿನದ ವ್ಯಾಪಾರಕ್ಕೆ ಶನಿ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ನಮ್ಮಮ್ಮನಿಂದ ಕೇಳಿಯೇ ಬೆಳೆದವನು. ಆದರೆ ಕೈಯಲ್ಲಿ ಸರ್ಕಾರಿ ಫಾರಂ ಇತ್ತು ನೋಡಿ, ಬುದ್ಧಿ ಮನೆಯಲ್ಲೇ ಉಳಿದಿತ್ತು. ಅವತ್ತಿನಿಂದ ಪ್ರತಿ ಸಲವೂ ಒಂದು ಕಟ್ಟು ಕೊತ್ತಂಬರಿ, ಕಾಲು ಕೆ.ಜಿ. ಹಸಿಮೆಣಸಿನಕಾಯಿ ಕೊಂಡೇ ದರ ಕೇಳುವುದು ರೂಢಿಯಾಯಿತು. ನನ್ನ ಹೆಂಡತಿ ನಾಗರತ್ನ ವರ್ಷಗಟ್ಟಲೆ ಕೊತ್ತಂಬರಿ ಚಟ್ನಿ ಅರೆದಳು. "ನಿಮ್ಮ ಡಿಪಾರ್ಟ್‌ಮೆಂಟಿಗೆ ತೊಗರಿಬೇಳೆ ಕೊಳ್ಳೋ ಬುದ್ಧಿ ಯಾವಾಗ ಬರುತ್ತೆ?" ಎಂದು ಕೇಳುತ್ತಿದ್ದಳು.

ಗುಬ್ಬಿಯದ್ದು ಇನ್ನೊಂದು ಕಥೆ. ನಮ್ಮ ಪಟ್ಟಿಯಲ್ಲಿ 'ಪಟ್ಟಾಪಟ್ಟಿ ಬಟ್ಟೆ, ಒಳಚಡ್ಡಿಗೆ, ಒಂದು ಮೀಟರ್' ಎಂದು ಒಂದು ಸಾಲಿತ್ತು. ಪಟ್ಟಿ ಮಾಡಿದ ಕಾಲದಲ್ಲಿ ಗಂಡಸರೆಲ್ಲ ಅದನ್ನೇ ಹೊಲಿಸುತ್ತಿದ್ದರು. ಕಾಲ ಹೋಯಿತು, ಎಲ್ಲರೂ ಡಬ್ಬಿಯಲ್ಲಿ ಬರುವ ರೆಡಿಮೇಡಿಗೆ ಇಳಿದರು, ಪಟ್ಟಿ ಮಾತ್ರ ಬದಲಾಗಲಿಲ್ಲ. ಗುಬ್ಬಿಯ ಬಟ್ಟೆ ಅಂಗಡಿ ಶಿವಣ್ಣನವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಪ್ರತಿ ತಿಂಗಳು ನಗುನಗುತ್ತಾ ಅದೇ ದರ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಒಂದು ಸಲ ನಾನು ಅಲ್ಲಿ ಕೂತಿರುವಾಗಲೇ ನಿಟ್ಟೂರಿನಿಂದ ಒಬ್ಬ ಅಜ್ಜ ಬಂದ.

"ಪಟ್ಟಾಪಟ್ಟಿ ಬಟ್ಟೆ ಎಲ್ಲೂ ಸಿಗ್ತಿಲ್ಲ ಕಣಪ್ಪ. ಅಗೋ, ಅಲ್ಲೈತಲ್ಲ, ಎರಡು ಮೀಟ್ರು ಹರಿ," ಎಂದ.

"ಅದು ಕೊಡಕ್ಕಾಗಲ್ಲ ಕಣಜ್ಜ," ಎಂದರು ಶಿವಣ್ಣ.

"ಯಾಕೆ, ಕಾಸು ಕೊಡಲ್ಲ ಅಂದ್ನಾ?"

"ಅದು ಸರ್ಕಾರದ್ದು."

ಅಜ್ಜ ಬಟ್ಟೆಯನ್ನೂ ನನ್ನನ್ನೂ ಒಂದು ಸಲ ನೋಡಿದ. "ಸರ್ಕಾರ ಪಟ್ಟಾಪಟ್ಟಿ ಚಡ್ಡಿ ಹಾಕ್ಕೊಳ್ತದೇನ್ಲಾ?" ಎಂದ.

ವಿಚಾರಿಸಿದರೆ, ಆ ಒಂದು ಥಾನು ನನಗೋಸ್ಕರವೇ ಇಟ್ಟದ್ದು! ಆರು ವರ್ಷದಿಂದ ಒಂದು ಗೇಣೂ ಮಾರಿರಲಿಲ್ಲ. "ನೀವು ಅಷ್ಟು ದೂರದಿಂದ ಬಿಸಿಲಲ್ಲಿ ಬಂದು ಕೇಳ್ತೀರಿ, ಇಲ್ಲ ಅನ್ನೋಕೆ ನಾಲಿಗೆ ಬರುತ್ತಾ ಸಾರ್?" ಎಂದರು. ಯಾರೂ ಕೊಳ್ಳದ, ಯಾರೂ ಮಾರದ ಬಟ್ಟೆಯ ಬೆಲೆ ಸ್ಥಿರವಾಗಿದೆ ಎಂದು ನಾನು ಆರು ವರ್ಷ ದೇಶಕ್ಕೆ ತಿಳಿಸಿದ್ದೆ. ಅಜ್ಜನಿಗೆ ಎರಡು ಮೀಟರ್ ಹರಿಸಿ ಕೊಡಿಸಿದೆ. ಉಳಿದದ್ದನ್ನು ಶಿವಣ್ಣ ಮತ್ತೆ ಮೇಲಿನ ಕಪಾಟಿಗೇ ಇಟ್ಟರು.

ಕುಣಿಗಲ್ಲಿನದ್ದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. 'ಕ್ಷೌರ, ವಯಸ್ಕ ಪುರುಷ' ಅನ್ನುವ ಸಾಲಿಗೆ ಬಸ್ ಸ್ಟ್ಯಾಂಡ್ ಹತ್ತಿರದ ನಂಜುಂಡನ ಅಂಗಡಿ ನಿಗದಿಯಾಗಿತ್ತು. ಬಾಯಲ್ಲಿ ಕೇಳಿದರೆ ಸುಳ್ಳು ಹೇಳಬಹುದು, ಕೂತು ಮಾಡಿಸಿಕೊಂಡು ಕಾಸು ಕೊಟ್ಟರೆ ಅದೇ ನಿಜವಾದ ದರ ಎಂದು ನಾನು ಪ್ರತಿ ತಿಂಗಳು ಅವನ ಕುರ್ಚಿಯಲ್ಲೇ ಕೂರುತ್ತಿದ್ದೆ. ಎಂಥಾ ಪ್ರಾಮಾಣಿಕತೆ! ನಾಲ್ಕು ವರ್ಷವಾದ ಮೇಲೆ ಒಂದು ದಿನ ಪಕ್ಕದ ಕುರ್ಚಿಯವನು ಎದ್ದು ನನ್ನ ಎರಡರಷ್ಟು ಕೊಟ್ಟ.

"ಏನ್ ನಂಜುಂಡ ಇದು?" ಎಂದೆ.

"ಅವ್ರ ತಲೆ ನೋಡಿ ಸಾರ್, ನಿಮ್ ತಲೆ ನೋಡಿ. ಕಿವಿ ಮೇಲೆ ನಾಕು ಕೂದ್ಲು ಐತೆ. ನಿಮ್ಮತ್ರ ಪೂರ್ತಿ ಇಸ್ಕೊಂಡ್ರೆ ಆ ಶಿವ ಮೆಚ್ತಾನಾ?"

ಮೂವತ್ತೈದಕ್ಕೇ ನನ್ನ ನೆತ್ತಿ ಬೋಳಾಗಿತ್ತು. ಅದರ ರಿಯಾಯಿತಿಯನ್ನು ನಾನು ಕುಣಿಗಲ್ ತಾಲೂಕಿನ ಸಮಸ್ತ ಗಂಡಸರ ಲೆಕ್ಕಕ್ಕೆ ಬರೆದಿದ್ದೆ. ಈಗ ತಿದ್ದಬೇಕು. ತಿದ್ದಿದರೆ ಒಂದೇ ತಿಂಗಳಲ್ಲಿ ಕ್ಷೌರದ ದರ ಎರಡರಷ್ಟಾಗುತ್ತದೆ, ಮೇಲಿನಿಂದ ಪ್ರಶ್ನೆ ಬರುತ್ತದೆ, ಉತ್ತರದಲ್ಲಿ ನನ್ನ ತಲೆಯ ವರ್ಣನೆ ಕೊಡಬೇಕಾಗುತ್ತದೆ. ಹಾಗಾಗಿ ತಿಂಗಳಿಗೆ ಇಷ್ಟಿಷ್ಟೇ ಏರಿಸುತ್ತಾ ಒಂದೂವರೆ ವರ್ಷದಲ್ಲಿ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದೆ. ತಪ್ಪು ಮಾಡಿದ್ದಕ್ಕಿಂತ ಹೀಗೆ ತಿದ್ದಿದ್ದು ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ.

ಮೇಲಿನಿಂದ ಪ್ರಶ್ನೆ ಕೇಳುತ್ತಿದ್ದವರು ಪದ್ಮನಾಭಯ್ಯನವರು, ನಮ್ಮ ಮೇಲಧಿಕಾರಿ. ಒಳ್ಳೆಯ ಮನುಷ್ಯರು, ಒಂದು ಪೈಸೆ ಮುಟ್ಟಿದವರಲ್ಲ. ಅವರಿಗಿದ್ದ ಕಾಯಿಲೆ ಒಂದೇ, 'ಹೋದ ತಿಂಗಳು'. ಯಾವ ಫಾರಂ ಕೊಟ್ಟರೂ ಕನ್ನಡಕ ಏರಿಸಿ, "ಹೋದ ತಿಂಗಳು ಎಷ್ಟಿತ್ತು?" ಎನ್ನುವರು. ಹೋದ ತಿಂಗಳಿನಷ್ಟೇ ಇದ್ದರೆ ಮುಖ ಅರಳುವುದು. ಜಾಸ್ತಿ ಇದ್ದರೆ ಹರಳೆಣ್ಣೆ ಕುಡಿದವರಂತಾಗುವರು.

ಒಮ್ಮೆ ಕ್ಯಾತ್ಸಂದ್ರದ ಹೋಟೆಲೊಂದರ ತಟ್ಟೆ ಇಡ್ಲಿ ನನಗೂ ಅವರಿಗೂ ಜಗಳ ತಂದಿಟ್ಟಿತು. ಅಲ್ಲಿ ಇಡ್ಲಿಯ ದರ ಬಹಳ ದಿನದಿಂದ ಒಂದೇ ಇತ್ತು. ಆದರೆ ಮೊದಲು ಎರಡು ತಿಂದರೆ ಮಧ್ಯಾಹ್ನದ ತನಕ ಹೊಟ್ಟೆ ಕೇಳುತ್ತಿರಲಿಲ್ಲ, ಈಗ ಹನ್ನೊಂದಕ್ಕೇ ಕೂಗುತ್ತಿತ್ತು. ಅನುಮಾನ ಬಂದು ನಾಗರತ್ನಳ ಹೊಲಿಗೆ ಮಿಷನ್ನಿನಿಂದ ಟೇಪು ತೆಗೆದುಕೊಂಡು ಹೋದೆ. ಇಡ್ಲಿಯ ಅಗಲ ಅಷ್ಟೇ ಇತ್ತು. ದಪ್ಪ ನೋಡೋಣವೆಂದು ಟೇಪನ್ನು ನೆಟ್ಟಗೆ ನಿಲ್ಲಿಸಿ ಬಗ್ಗಿ ನೋಡುತ್ತಿದ್ದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾಲೀಕರು ಎದ್ದು ಬಂದರು.

"ಏನ್ ಸಾರ್, ಇಡ್ಲಿಗೆ ಬ್ಲೌಸ್ ಹೊಲಿಸ್ತೀರಾ?"

ಇಡೀ ಹೋಟೆಲು ನಕ್ಕಿತು. ನಾನು ಹಟಕ್ಕೆ ಬಿದ್ದು ಫಾರಂನ ಷರಾ ಜಾಗದಲ್ಲಿ 'ದರ ಅದೇ, ಇಡ್ಲಿ ತೆಳ್ಳಗಾಗಿದೆ' ಎಂದು ಬರೆದೆ. ಪದ್ಮನಾಭಯ್ಯನವರು ಕೆಂಪು ಶಾಯಿಯಲ್ಲಿ ಉತ್ತರ ಕೊಟ್ಟರು: 'ದರ ಬದಲಾಗಿಲ್ಲವಾದ್ದರಿಂದ ಷರಾ ಅನಗತ್ಯ. ಇಡ್ಲಿಯ ದಪ್ಪಕ್ಕೆ ಕಾಲಂ ಇಲ್ಲ.' ಆಮೇಲೆ ಕಾಗದ ಹೋಗಿ ಟ್ಯಾಬು ಬಂತು. ಅದು ಇವರಿಗಿಂತ ಜೋರು. ಹೋದ ತಿಂಗಳಿಗಿಂತ ಸ್ವಲ್ಪ ಜಾಸ್ತಿ ಹಾಕಿದರೂ ಪರದೆಯೆಲ್ಲ ಕೆಂಪಾಗಿ ಕೂತುಬಿಡುವುದು.

ಇನ್ನು ಜಯಮ್ಮನಿಗೆ ಬರುತ್ತೇನೆ. ಅವಳು ಆ ಪ್ರಶ್ನೆ ಕೇಳಿದ ಮುಂದಿನ ತಿಂಗಳು, ನಾನು ಮಾರ್ಕೆಟ್ಟಿನಿಂದ ತಂದ ದರಗಳನ್ನು ಚೀಟಿಯಿಂದ ಟ್ಯಾಬಿಗೆ ಏರಿಸುತ್ತಾ ಕೂತಿದ್ದೆ. ಜಯಮ್ಮ ಟೀ ಇಟ್ಟು, ಹಾಗೆಯೇ ಬಗ್ಗಿ ಚೀಟಿ ಓದಿದಳು. ಏಳನೇ ಕ್ಲಾಸು ಓದಿದವಳು.

"ಟೊಮೆಟೊ ಈ ರೇಟಿಗೆ ಯಾವ ಪುಣ್ಯಾತ್ಮ ಕೊಟ್ಟ ಸಾರ್?"

"ಗಂಗಮ್ಮ. ಬೇವಿನ ಮರದ ಕೆಳಗೆ ಕೂರ್ತಾಳಲ್ಲ."

"ನಾನೂ ಅವಳತ್ರನೇ ತಗೊಳೋದು! ಇವತ್ ಬೆಳಿಗ್ಗೆ ತಂದೀನಿ. ಇದಕ್ಕಿಂತ ಹನ್ನೆರಡು ರೂಪಾಯಿ ಜಾಸ್ತಿ ಇಸ್ಕೊಂಡ್ಲು."

ನೀನು ಬೇರೆ ಜಾತಿ ಟೊಮೆಟೊ ತಂದಿರುತ್ತೀಯ ಎಂದೆ. "ಟೊಮೆಟೊ ಜಾತಿ ನನಗೆ ಹೇಳ್ಕೊಡ್ತೀರಾ?" ಎಂದು ಸೊಂಟದ ಮೇಲೆ ಕೈ ಇಟ್ಟಳು. ಸರಿ, ಪರೀಕ್ಷೆ ಆಗಿಯೇ ಹೋಗಲಿ ಎಂದು ಮರುದಿನ ಬೆಳಿಗ್ಗೆ ಚೀಟಿ ಕೊಟ್ಟು ಅವಳನ್ನೇ ಕಳಿಸಿದೆ. ಮೊದಲು ಅವಳು ಹೋಗಿ ಕೇಳಿ ಬಂದಳು, ಹತ್ತು ನಿಮಿಷ ಬಿಟ್ಟು ನಾನು ಹೋಗಿ ಕೇಳಿದೆ. ಗಂಗಮ್ಮನ ಹದಿನಾಲ್ಕು ತರಕಾರಿಯಲ್ಲಿ ಹದಿನಾಲ್ಕೂ ನನಗೆ ಕಡಿಮೆ. ಪಕ್ಕದ ಕಿರಾಣಿ ಅಂಗಡಿಯಲ್ಲಿ ಬೇಳೆಯೂ ಹಾಗೇ, ಅಕ್ಕಿಯೂ ಹಾಗೇ.

ನನಗೆ ತಲೆ ಕೆಟ್ಟುಹೋಯಿತು. ಗಂಗಮ್ಮನನ್ನೇ ಕೇಳಿದೆ. ಅವಳು ಒಂದಿಷ್ಟೂ ಅಳುಕಲಿಲ್ಲ.

"ನೀವು ಬರ್ಕೊಂಡು ಹೋಗಿ ದೊಡ್ಡೋರಿಗೆ ತೋರಿಸ್ತೀರಲ್ಲ ಸಾರ್. ಜಾಸ್ತಿ ಹೇಳಿ, ಯಾವೋಳು ಇವ್ಳು ಹಿಂಗೆ ಮಾರೋಳು ಅಂತ ನಾಳೆ ಯಾರಾದ್ರೂ ಬಂದು ಬುಟ್ಟಿ ಎತ್ತಿಸಿದ್ರೆ? ಬರ್ಕೊಳೋ ರೇಟು ಬೇರೆ, ಮಾರೋ ರೇಟು ಬೇರೆ. ಅಷ್ಟೂ ಗೊತ್ತಿಲ್ವಾ, ಇಷ್ಟ್ ವರ್ಷ ಏನ್ ಕೆಲ್ಸ ಮಾಡಿದ್ರಿ?"

"ಮತ್ತೆ ನನಗೆ ಕೊತ್ತಂಬರಿ, ಮೆಣಸಿನಕಾಯಿ ಆ ರೇಟಿಗೇ ಕೊಡ್ತಿದ್ದೆಯಲ್ಲ?"

"ಹೇಳಿದ್ ಮೇಲೆ ಕೊಡ್ಲೇಬೇಕಲ್ಲ ಸಾರ್. ನನ್ ಬಾಯಿಗೂ ಒಂದು ಮರ್ಯಾದೆ ಬೇಡ್ವಾ?"

ತರಬೇತಿಯಲ್ಲಿ ಹೇಳದೆ ಬಿಟ್ಟದ್ದು ಇದೇ, ಹೊಸಬರೇ. ದರ ಸಾಮಾನಿನ ಮೇಲೆ ಅಂಟಿಸಿರುವುದಿಲ್ಲ, ಕೇಳುವವನ ಮುಖ ನೋಡಿ ಹುಟ್ಟುತ್ತದೆ. ಅದೇ ಅಂಗಡಿ, ಅದೇ ಸಾಮಾನು, ಅದೇ ಗುಣಮಟ್ಟ ಎಂದು ನಾವು ಬಡಕೊಳ್ಳುತ್ತೇವೆ. ಅದೇ ಮುಖವೂ ಹೋಗುತ್ತಿದೆ ಎಂಬುದನ್ನು ಯಾರೂ ಯೋಚಿಸಿರಲಿಲ್ಲ, ನಾನೂ ಸಹ.

ಕ್ಷೌರದ ದರದಂತೆ ಇದನ್ನೂ ಮೆಲ್ಲಗೆ ಏರಿಸಿಕೊಂಡು ಹೋಗಬಹುದಿತ್ತು. ಆದರೆ ನನ್ನ ನಿವೃತ್ತಿಗೆ ಒಂದು ವರ್ಷವೂ ಇರಲಿಲ್ಲ, ಜಯಮ್ಮನ ಏಪ್ರಿಲ್ ಅದಕ್ಕೂ ಹತ್ತಿರ ಇತ್ತು. ಧೈರ್ಯ ಮಾಡಿ ಆ ತಿಂಗಳು ಅವಳು ಕೇಳಿ ತಂದ ದರಗಳನ್ನೇ ಹಾಕಿದೆ. ಟ್ಯಾಬು ಮೇಲಿಂದ ಕೆಳಗೆ ಕುಂಕುಮ ಬಳಿದುಕೊಂಡಿತು. ಅರ್ಧ ಗಂಟೆಯಲ್ಲಿ ಪದ್ಮನಾಭಯ್ಯನವರ ಫೋನು.

"ಏನ್ರೀ ಇದು? ಹೋದ ತಿಂಗಳು ಎಷ್ಟಿತ್ತು?"

"ಹೋದ ತಿಂಗಳು ತಪ್ಪಿತ್ತು ಸಾರ್. ಅದರ ಹಿಂದಿನದ್ದೂ."

"ಎಷ್ಟು ಹಿಂದಿನ ತನಕ?"

"ನಾನು ಕೆಲಸಕ್ಕೆ ಸೇರಿದ ದಿನದ ತನಕ ಸಾರ್."

ನಾಳೆ ಖುದ್ದಾಗಿ ಬಂದು ಪರಿಶೀಲಿಸುತ್ತೇನೆ ಎಂದು ಫೋನಿಟ್ಟರು.

ಬಂದರು. ಜೀಪಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಡ್ರೈವರ್ ಕೈಗೆ ಫೈಲು ಕೊಟ್ಟುಕೊಂಡು. ನೇರ ಗಂಗಮ್ಮನ ಮುಂದೆ ನಿಂತು ಟೊಮೆಟೊ ಎಷ್ಟು ಎಂದು ಕೇಳಿದರು. ಗಂಗಮ್ಮ ಜೀಪನ್ನೂ ಅಂಗಿಯನ್ನೂ ನೋಡಿ, ನನಗೆ ಹೇಳುತ್ತಿದ್ದುದಕ್ಕಿಂತ ಇನ್ನೂ ಐದು ರೂಪಾಯಿ ಇಳಿಸಿದಳು. ಮೇಲೆ ಒಂದು ಹಿಡಿ ಮೆಣಸಿನಕಾಯಿ ಬಿಟ್ಟಿ. ಪದ್ಮನಾಭಯ್ಯನವರು ನನ್ನ ಕಡೆ ತಿರುಗಿದ ನೋಟ ಇವತ್ತಿಗೂ ಕಣ್ಣ ಮುಂದಿದೆ.

"ದರ ಇಳಿದಿದೆಯಲ್ರೀ! ನೀವು ಏರಿಸಿ ಬರೆದಿದ್ದೀರಿ. ರಿಟೈರ್ ಆಗೋ ಕಾಲದಲ್ಲಿ ಇದೆಲ್ಲ ಬೇಕಾ ನಿಮಗೆ?"

ನನ್ನ ಪಿಂಚಣಿ ಕಾಗದಕ್ಕೆ ಸಹಿ ಹಾಕಬೇಕಾದವರು ಅವರೇ. ಆದರೂ, "ಸಾರ್, ಒಂದೇ ಒಂದು ಉಪಕಾರ. ಜೀಪು ಇಲ್ಲಿಂದ ಹೋಗಲಿ. ಅರ್ಧ ಗಂಟೆ ಬಿಟ್ಟು ನಮ್ಮ ಜಯಮ್ಮ ಬರ್ತಾಳೆ. ಹೂವಿನ ಅಂಗಡಿ ಮರೆಯಲ್ಲಿ ನಿಂತು ಕೇಳಿಸಿಕೊಳ್ಳಿ," ಎಂದು ಬೇಡಿಕೊಂಡೆ. ಏನನ್ನಿಸಿತೋ, ಒಪ್ಪಿದರು. ಸೇವಂತಿಗೆ ಹಾರಗಳ ಸಂದಿನಲ್ಲಿ ಇಬ್ಬರು ಗೆಜೆಟ್ಟು ಓದುವ ಗಂಡಸರು ಕತ್ತು ಚಾಚಿಕೊಂಡು ನಿಂತೆವು. ಹೂವಿನವಳು ಎರಡು ಸಲ "ಮೊಳ ಬೇಕಾ, ಮಾರು ಬೇಕಾ?" ಎಂದು ಕೇಳಿದಳು.

ಜಯಮ್ಮ ಬಂದಳು. ಟೊಮೆಟೊ ಎಷ್ಟಕ್ಕ ಎಂದಳು. ಗಂಗಮ್ಮ ತಲೆ ಎತ್ತದೆ ಮಾರೋ ರೇಟು ಹೇಳಿದಳು. ಜಯಮ್ಮ ಆರಿಸಲು ಕೈ ಹಾಕಿದಳು. "ಆರಿಸ್ಬೇಡ, ಹಂಗೇ ಹಾಕ್ತೀನಿ, ಬೇಕಾದ್ರೆ ತಗೋ," ಎಂದು ಗಂಗಮ್ಮ ಕೈಗೆ ಹೊಡೆದಳು. ನಾಲ್ಕು ಒಡೆದದ್ದೂ ತಕ್ಕಡಿಗೆ ಬಿದ್ದವು. ಆಗ ಪದ್ಮನಾಭಯ್ಯನವರು ತಡೆಯಲಾರದೆ ಹಾರ ಸರಿಸಿಕೊಂಡು ಈಚೆ ಬಂದುಬಿಟ್ಟರು. ಅವರನ್ನು ಕಂಡ ಗಂಗಮ್ಮ ಅದೇ ಉಸಿರಿನಲ್ಲಿ, "ಬನ್ನಿ ಸ್ವಾಮಿ, ಒಂದ್ ಕೆ.ಜಿ. ಹಾಕ್ಲಾ? ನಿಮಗೆ ಆಗ್ಲೇ ಹೇಳಿದ್ ರೇಟಿಗೇ ಕೊಡ್ತೀನಿ, ನೀವೇ ಆರಿಸ್ಕೊಳ್ಳಿ," ಎಂದಳು.

ಜಯಮ್ಮ ತಕ್ಕಡಿ ನೋಡಿದಳು, ಸಾಹೇಬರನ್ನು ನೋಡಿದಳು.

"ನಿಮಗೆ ಎರಡು ಸಂಬಳ ಸಾರ್. ಒಂದು ಸರ್ಕಾರ ಕೊಡ್ತದೆ, ಇನ್ನೊಂದು ಅಂಗಡಿಯೋರು ಕೊಡ್ತಾರೆ.  ನನಗೆ ಇರೋದೊಂದು, ಅದನ್ನೂ ನಿಮ್ ರೇಟು ನೋಡಿ ಕೊಡ್ತಾರೆ."

ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಪದ್ಮನಾಭಯ್ಯನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕಚೇರಿಗೆ ಬಂದು, ನಾನು ಹಾಕಿದ್ದ ದರಗಳಿಗೆಲ್ಲ ಒಪ್ಪಿಗೆ ಕೊಟ್ಟು, ಷರಾ ಜಾಗದಲ್ಲಿ ತಾವೇ ಬರೆದರು: 'ದರ ಏರಿಲ್ಲ. ಕೇಳಿದವರು ಬದಲಾಗಿದ್ದಾರೆ. ಖುದ್ದು ಪರಿಶೀಲಿಸಿದೆ.' ಅವರ ಇಡೀ ನೌಕರಿಯಲ್ಲಿ ಹೋದ ತಿಂಗಳನ್ನು ಕೇಳದೆ ಸಹಿ ಮಾಡಿದ್ದು ಅದೊಂದೇ ಇರಬೇಕು. ನಾನು ಕೈ ಮುಗಿದೆ.

ಏಪ್ರಿಲ್ ಬಂತು, ಆದೇಶವೂ ಬಂತು. ಜಯಮ್ಮನ ತುಟ್ಟಿಭತ್ಯೆ ಏರಿತ್ತು. ದಿನದ ಲೆಕ್ಕ ಹಾಕಿದರೆ ಒಂದು ಲೋಟ ಟೀ ಬರುವಷ್ಟೂ ಇರಲಿಲ್ಲ. ಅದಾದರೂ ನನ್ನ ಸಾಸಿವೆಯಿಂದ ಏರಿದ್ದೋ, ಬೇರೆ ಊರಿನವರಿಂದಲೋ, ಯಾರಿಗೂ ಹೇಳಲು ಬರುವುದಿಲ್ಲ. ಎಲ್ಲ ಊರುಗಳಲ್ಲೂ ನನ್ನಂಥ ಒಬ್ಬೊಬ್ಬ ರೇಟ್ ಸಾರ್ ಮರ್ಯಾದೆಯ ದರ ಬರೆದುಕೊಂಡು ತಿರುಗುತ್ತಿದ್ದರೆ ಒಬ್ಬ ನಾನು ತಿದ್ದಿ ಏನು ಮಾಡಿದ ಹಾಗಾಯಿತು? ಜಯಮ್ಮನ ಮುಖ ನೋಡಲಾಗದೆ ಎರಡು ದಿನ ಫೈಲು ಅಡ್ಡ ಹಿಡಿದುಕೊಂಡು ಕೂತಿದ್ದೆ. ಮೂರನೇ ದಿನ ಅವಳೇ ಬಂದು ಎರಡು ಕೈಚೀಲ ಮೇಜಿನ ಮೇಲಿಟ್ಟಳು.

"ಬಸ್ ಹತ್ತೋದು ಬೇಡ ಅಂದ್ರೆ ಒಂದು ದಾರಿ ಐತೆ ಸಾರ್. ನಮ್ ಮನೆ ಸಾಮಾನು ನೀವೇ ತಂದುಕೊಡಿ. ನಾನು ಕಾಸು ಕೊಡ್ತೀನಿ, ನೀವು ಮುಖ ಕೊಡಿ."

ಅವಳು ಲೆಕ್ಕ ಮಾಡಿಯೇ ಬಂದಿದ್ದಳು. ತರಕಾರಿ, ಬೇಳೆ, ಅಕ್ಕಿ ಎಲ್ಲ ನನ್ನ ದರಕ್ಕೆ ಸಿಕ್ಕರೆ ಉಳಿಯುವುದು ತುಟ್ಟಿಭತ್ಯೆ ಏರಿದ್ದಕ್ಕಿಂತ ಎಷ್ಟೋ ಜಾಸ್ತಿ. ಅದಿದ್ದರೆ ಹೆಂಗೋ ಸಾಗುತ್ತದೆ, ಮಧ್ಯಾಹ್ನ ಅತ್ತೆಗೆ ಬಿಸಿ ಊಟ ತಪ್ಪುವುದಿಲ್ಲ. ಇದು ಸರಿಯೋ ತಪ್ಪೋ ಎಂದು ನಾನು ಒಂದು ರಾತ್ರಿ ಯೋಚಿಸಿದೆ. ನಾಗರತ್ನ ಯೋಚಿಸಲೇ ಇಲ್ಲ. "ಆ ಮುಖದಿಂದ ಇಷ್ಟಾದರೂ ಉಪಯೋಗ ಆಗಲಿ, ತೆಗೆದುಕೊಂಡು ಹೋಗಿ," ಎಂದು ಚೀಲ ಕೈಗೆ ಕೊಟ್ಟಳು.

ಆವತ್ತಿನಿಂದ ನನ್ನ ಕೆಲಸ ವಿಚಿತ್ರವಾಯಿತು. ಟ್ಯಾಬಿಗೆ ಜಯಮ್ಮ ಕೇಳಿದ ದರ ಹಾಕುವುದು, ಗಂಗಮ್ಮನಿಗೆ ನನ್ನ ದರ ಕೊಡುವುದು. ಒಂದು ಕಟ್ಟು ಕೊತ್ತಂಬರಿ ಕೊಳ್ಳುತ್ತಿದ್ದವನು ಎರಡು ಚೀಲ ತುಂಬ ಕೊಳ್ಳುವುದನ್ನು ಕಂಡು ಗಂಗಮ್ಮ, "ಏನ್ ಸಾರ್, ಮನೇಲಿ ಮದುವೆನಾ?" ಎಂದಳು. ಆದರೂ ಹೇಳಿದ ದರಕ್ಕೇ ಕೊಟ್ಟಳು. ಇದು ನಡೆದದ್ದು ಐದು ತಿಂಗಳು. ನನ್ನ ಮೂವತ್ತೆರಡು ವರ್ಷದಲ್ಲಿ ಯಾರಿಗಾದರೂ ಕೈಗೆ ಸಿಗುವಂಥ ಪ್ರಯೋಜನವಾಗಿದ್ದರೆ ಅದು ಈ ಐದು ತಿಂಗಳು ಮಾತ್ರ.

ಆಮೇಲೆ ನಿವೃತ್ತಿಯಾಯಿತು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮುಂದಿನ ವಾರ ಎಂದಿನಂತೆ ಎರಡು ಚೀಲ ಹಿಡಿದು ಗಂಗಮ್ಮನ ಮುಂದೆ ನಿಂತೆ.

"ಟೊಮೆಟೊ ಎಷ್ಟು ಗಂಗಮ್ಮ?"

ದರ ಹೇಳಿದಳು. ಕಿವಿಯನ್ನು ನಂಬಲಾಗಲಿಲ್ಲ, ಇನ್ನೊಂದು ಸಲ ಕೇಳಿದೆ. ಅದನ್ನೇ ಹೇಳಿದಳು.

"ಏನ್ ಗಂಗಮ್ಮ, ನನಗೂ ಈ ರೇಟಾ?"

"ರಿಟೈರ್ ಆದ್ರಂತಲ್ಲ ಸಾರ್," ಎಂದಳು, ಬಹಳ ಪ್ರೀತಿಯಿಂದಲೇ. "ಇನ್ನು ನೀವು ಬರ್ಕೊಳಲ್ವಲ್ಲ." ನಾನು ಟೊಮೆಟೊ ಆರಿಸಲು ಕೈ ಹಾಕಿದೆ. "ಹಂಗೇ ಹಾಕ್ತೀನಿ ಬುಡಿ," ಎಂದು ತಾನೇ ತುಂಬಿದಳು.

ಚೀಲ ಕೊಡಲು ಹೋದಾಗ ಅದೇ ಕಾಸಿಗೆ ಚೀಲ ಹಗುರಾಗಿದ್ದದ್ದು ನೋಡಿಯೇ ಜಯಮ್ಮ ಅರ್ಥ ಮಾಡಿಕೊಂಡಳು. ನಾನು ಏನೇನೋ ಹೇಳಲು ಹೊರಟೆ. "ಹೋಗ್ಲಿ ಬಿಡಿ ಸಾರ್. ನೀವಾದ್ರೂ ಎಷ್ಟ್ ದಿನ ಸಾಹೇಬ್ರಾಗಿ ಇರ್ತೀರಿ," ಎಂದು ಒಳಗಿನಿಂದ ನನಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಮುಂದಿನ ಸೋಮವಾರದಿಂದ ಅವಳು ಐದೂವರೆಯ ಬಸ್ಸು ಹತ್ತುತ್ತಿದ್ದಾಳೆ. ಅತ್ತೆಯ ಮಧ್ಯಾಹ್ನದ ಊಟ ಬೆಳಗಿನ ಜಾವವೇ ತಯಾರಾಗಿ, ಮಂಚದ ಪಕ್ಕದಲ್ಲಿ ತಟ್ಟೆ ಮುಚ್ಚಿಕೊಂಡು ಕಾಯುತ್ತದೆ.

ನನಗೀಗ ಬೇಕಾದಷ್ಟು ಹೊತ್ತು. ಒಂದು ಗಂಟೆಗೆ ನಾನೇ ಹೋಗಿ ಸಾರು ಬಿಸಿ ಮಾಡಿ ಬಡಿಸುತ್ತೇನೆ. ಕೆಂಪಜ್ಜಿಗೆ ದಿನಾ ನನ್ನ ಗುರುತು ಮರೆಯುತ್ತದೆ. ನಿನ್ನೆಯೂ ಕೇಳಿದಳು.

"ಯಾರಪ್ಪ ನೀನು?"

"ರೇಟು ಬರೀತಿದ್ದೋನು ಕಣಜ್ಜಿ."

"ಓ, ನೀನೇನಾ? ನಮ್ ಜಯಿ ಹೇಳ್ತಿದ್ಲು. ಬರ್ದು ಏನಾಯ್ತಪ್ಪ?"

"ಸಾರು ಆರ್ತದೆ, ಊಟ ಮಾಡಜ್ಜಿ," ಎಂದೆ.